ಗೋಲಿನ ಮುಂದೆ ಹಾಕಿದ ಶಾಮಿಯಾನ

ತಿಲಕ್ ನಗರದ ಅಂಚಿನಲ್ಲಿದ್ದ ನಮ್ಮ ಮೈದಾನವನ್ನು ಪರೀಕ್ಷೆ ಮಾಡಲು ಚೀನಾದಿಂದ ಒಬ್ಬ ಹೆಂಗಸು ಬರುತ್ತಾರೆ ಎಂದಾಗ ಬಡಾವಣೆಯ ಅರ್ಧ ಜನ ನಂಬಲಿಲ್ಲ. ಉಳಿದವರು ತಿಂಡಿಗೆ ಏನು ಮಾಡಿಸಬೇಕು ಎಂದು ಕೇಳಿದರು. ಚೀನಾದವರು ಇಡ್ಲಿ ತಿನ್ನುತ್ತಾರೋ ಇಲ್ಲವೋ ಎಂಬ ಚರ್ಚೆ ಜಯನಗರದ ಕಾಂಪ್ಲೆಕ್ಸ್ ಹಿಂದಿನ ಟೀ ಅಂಗಡಿಯವರೆಗೂ ಹೋಗಿತ್ತು. ಮೈದಾನ ಹೇಗಿದೆ ಎಂದು ಯಾರೂ ಕೇಳಿದ ನೆನಪಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹಗಲು ಒಂದು ಸರ್ಕಾರಿ ಕಚೇರಿಯಲ್ಲಿ ಕಡತ ನೋಡುತ್ತಿದ್ದೆ. ಸಂಜೆಯಾದರೆ ನಮ್ಮ ಫುಟ್ಬಾಲ್ ಸಂಘದ ಮಹಿಳಾ ವಿಭಾಗಕ್ಕೆ ನಾನೇ ಗೌರವ ಕಾರ್ಯದರ್ಶಿ. ಸಂಬಳವಂತೂ ಇರಲಿಲ್ಲ, ಗೌರವವೂ ಹೇಳಿಕೊಳ್ಳುವಷ್ಟು ಇರಲಿಲ್ಲ. ಸಭೆಗಳಲ್ಲಿ ನಮ್ಮ ವಿಷಯ ಕಾರ್ಯಸೂಚಿಯ ಕೊನೆಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ದೊಡ್ಡವರೆಲ್ಲ ಸ್ಕೂಟರ್ ಕೀ ಹುಡುಕುತ್ತಿರುತ್ತಿದ್ದರು.

ವಿಷಯ ಇಷ್ಟು. ಏಷ್ಯಾದ ಹುಡುಗಿಯರ ಕ್ಲಬ್ ತಂಡಗಳಿಗಾಗಿ ಒಂದು ಆಹ್ವಾನಿತ ಟೂರ್ನಿ ನಡೆಸಬೇಕೆಂದು ಖಂಡದ ಒಕ್ಕೂಟದ ಮಹಿಳಾ ಸಮಿತಿ ತೀರ್ಮಾನಿಸಿತ್ತು. ಯಾವ ಊರಿನಲ್ಲಿ ನಡೆಯುತ್ತದೋ ಆ ಊರಿನ ಒಂದು ತಂಡಕ್ಕೆ ನೇರ ಪ್ರವೇಶ. ನಮ್ಮ ಹುಡುಗಿಯರು ಹೊರದೇಶದ ತಂಡದ ಎದುರು ನಿಲ್ಲಲು ಇದ್ದದ್ದು ಅದೊಂದೇ ದಾರಿ. ಕೊನೆಗೆ ಎರಡು ಊರು ಉಳಿದವು, ನಮ್ಮದೊಂದು, ಬೇರೆ ದೇಶದ್ದೊಂದು. ಆ ಊರಿನ ಮೈದಾನ ಆಗಲೇ ಪಾಸಾಗಿತ್ತು. ಆದರೂ ನಮ್ಮದು ಪಾಸಾದರೆ ಟೂರ್ನಿ ನಮಗೇ ಎಂಬ ಮಾತಿತ್ತು, ಏಕೆಂದರೆ ಹುಡುಗಿಯರ ಲೀಗ್ ಇನ್ನೂ ಕಣ್ಣು ಬಿಡುತ್ತಿರುವ ಕಡೆಗೆ ಟೂರ್ನಿ ಕೊಡಬೇಕು ಎಂದು ಸಮಿತಿಯಲ್ಲಿ ಒಬ್ಬರು ಹಟ ಹಿಡಿದಿದ್ದರು. ಮೈದಾನ ನೋಡಲು ಬರುವವರೂ ಅವರೇ. ನಾವು ಅವರನ್ನು ಚೀನಾದ ಮೇಡಂ ಎನ್ನುತ್ತಿದ್ದೆವು.

ನಮ್ಮ ತಂಡದ ಕ್ಯಾಪ್ಟನ್‌ಗೆ ಆ ವರ್ಷ ದಾಟಿದರೆ ವಯಸ್ಸಿನ ಮಿತಿ ಮೀರುತ್ತಿತ್ತು. ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದವರ ಮಗಳು. ತಂದೆ ಒಂದು ಕಂಪನಿಯಲ್ಲಿ ಡ್ರೈವರ್. ಎಡಗಾಲಿನಲ್ಲಿ ಅವಳು ಚೆಂಡು ತಿರುಗಿಸುತ್ತಿದ್ದುದನ್ನು ನೋಡಲು ಪಕ್ಕದಲ್ಲಿ ಕ್ರಿಕೆಟ್ ಆಡುವ ಗಂಡುಮಕ್ಕಳು ಬ್ಯಾಟ್ ಕೆಳಗಿಟ್ಟು ನಿಲ್ಲುತ್ತಿದ್ದರು. ಮುಂದೆ ಏನು ಮಾಡುತ್ತೀಯಮ್ಮಾ ಎಂದು ಒಮ್ಮೆ ಕೇಳಿದ್ದೆ.

"ಮುಂದಿಂದು ಮುಂದ ನೋಡೂಣ್ರಿ ಮೇಡಂ. ಒಂದ್ಸಲ ಹೊರಗಿನವರ ಜೋಡಿ ಆಡಬೇಕ್ರಿ. ಸೋತ್ರೂ ನಡೀತೈತಿ, ನಾವ್ ಎಷ್ಟರವರು ಅಂತ ಗೊತ್ತರ ಆಕ್ಕೈತಿ" ಎಂದಿದ್ದಳು. ಗೆಲ್ಲುತ್ತೇವೆ ಎಂದಿದ್ದರೆ ನಾನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ.

ಮೈದಾನ ನೋಡಿಕೊಳ್ಳುತ್ತಿದ್ದ ಕ್ಲಬ್ಬಿನ ಅಧ್ಯಕ್ಷರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಬಡಾವಣೆ ಆಗುವ ಮೊದಲು ಅಲ್ಲಿ ರಾಗಿ, ಅವರೆ ಬೆಳೆದ ಮನೆತನ. ಈಗ ಬಾಡಿಗೆ ಮನೆಗಳು, ಒಂದು ಹಾರ್ಡ್‌ವೇರ್ ಅಂಗಡಿ. ಆಫ್‌ಸೈಡ್ ಎಂದರೇನು ಎಂದು ನಾನು ಎಷ್ಟು ಸಲ ಹೇಳಿಕೊಟ್ಟರೂ ಅವರಿಗೆ ಹತ್ತಲಿಲ್ಲ. "ಮುಂದೆ ಹೋದ್ರೆ ತಪ್ಪು ಅಂದ್ರೆ ಯಾವ ಆಟಾನಮ್ಮಾ ಇದು" ಎಂದು ನಕ್ಕುಬಿಡುತ್ತಿದ್ದರು. ಆದರೆ ಆ ಹುಡುಗಿಯರೆಂದರೆ ಅವರಿಗೆ ಪ್ರಾಣ. ಗೊಟ್ಟಿಗೆರೆ ಕಡೆಯಿಂದ ಕೆರೆಯ ಗೋಡುಮಣ್ಣು ತರಿಸಿ, ಮರಳು ಬೆರೆಸಿ, ಮೈದಾನದ ತುಂಬ ಹರಡಿಸಿ, ಗರಿಕೆ ನೆಡಿಸಿದ್ದು ಅವರೇ. ಆ ಮಳೆಗಾಲವಿಡೀ ಬೆಳಿಗ್ಗೆ ಪಂಚೆ ಎತ್ತಿಕಟ್ಟಿಕೊಂಡು ಕಲ್ಲಿನ ರೋಲರ್ ಎಳೆಸುತ್ತಿದ್ದರು. ಮಧ್ಯದಿಂದ ನಾಲ್ಕೂ ಕಡೆಗೆ ನೀರು ಹರಿದುಹೋಗುವಂತೆ ತುಸುವೇ ಇಳಿಜಾರು ಕೊಟ್ಟಿದ್ದೆವು. ಜೋರು ಮಳೆ ನಿಂತ ಮೇಲೆ ನಾನು ಹೋಗಿ ನೋಡಿದರೆ ಎಲ್ಲಿಯೂ ಮಡು ನಿಂತಿರಲಿಲ್ಲ. ಬೆಂಗಳೂರಿನಲ್ಲಿ ಅಂಥ ರಸ್ತೆಯೇ ಇರಲಿಲ್ಲ, ಮೈದಾನದ ಮಾತು ಬಿಡಿ.

ತಪಾಸಣೆಗೆ ಮುಂಚೆ ಒಕ್ಕೂಟದಿಂದ ಸೂಚನೆಗಳು ಬಂದವು. ಗೆರೆಗೂ ಬೇಲಿಗೂ ನಡುವೆ ಇಷ್ಟು ಜಾಗ, ಗೋಲಿನ ಕಂಬಕ್ಕೆ ಚೂಪು ಮೂಲೆ ಇರಬಾರದು, ಬಲೆ ಕಟ್ಟಲು ಕೊಕ್ಕೆಗಳ ಬದಲು ಬಳೆಗಳು, ಎರಡು ತಂಡಗಳಿಗೂ ರೆಫರಿಗಳಿಗೂ ಬೇರೆ ಬೇರೆ ಬಟ್ಟೆ ಬದಲಿಸುವ ಕೋಣೆ, ಆಂಬುಲೆನ್ಸ್ ನೇರ ಒಳಗೆ ಬರುವಂತೆ ಗೇಟು. ಪಕ್ಕದ ಶಾಲೆಯವರು ಕೋಣೆಗಳನ್ನು ಬಿಟ್ಟುಕೊಟ್ಟರು. ಮುಖ್ಯವಾದ ಸೂಚನೆ ಮಾತ್ರ ಒಂದೇ: ತಪಾಸಣೆಗೆ ಮೊದಲು ಕೆಲವು ವಾರ ಮೈದಾನದ ಮೇಲೆ ಬೇರೆ ಏನೂ ನಡೆಯಕೂಡದು. ಆ ವಾರಗಳಲ್ಲಿ ನಾನು ಮಾಡಿದ ಜಗಳ ಒಂದೆರಡಲ್ಲ. ಕ್ರಿಕೆಟಿನವರ ಜೊತೆ, ಮದುವೆ ಊಟಕ್ಕೆ ಜಾಗ ಕೇಳಿದವರ ಜೊತೆ, ರಾಜ್ಯೋತ್ಸವದ ಆರ್ಕೆಸ್ಟ್ರಾ ಹುಡುಗರ ಜೊತೆ. "ಏನಕ್ಕಾ, ಪಬ್ಲಿಕ್ ಗ್ರೌಂಡ್ ಅಲ್ವಾ ಇದು? ನಿಮ್ಮಪ್ಪಂದಾ?" ಎಂದು ಒಬ್ಬ ಕೇಳಿದ. ಯಜಮಾನರು ಹಿಂದಿನಿಂದ ಬಂದು "ನಮ್ಮಪ್ಪಂದೇ ಆಗಿತ್ತು ಕಣೋ, ಹೋಗು" ಎಂದರು. ಅವನು ಹೋದ.

ಸನ್ಮಾನ, ಹಾರ, ಭಾಷಣ ಏನೂ ಬೇಡ ಎಂದು ಯಜಮಾನರಿಗೆ ಬಿಡಿಸಿ ಹೇಳಿದ್ದೆ. ಅವರು ಹೂಂ ಎಂದಿದ್ದರು. ನಮ್ಮಲ್ಲಿ ಯಾರಾದರೂ ಸನ್ಮಾನ ಬೇಡ ಎಂದರೆ ಅದು ಸಂಕೋಚದ ಮಾತು, ಅದನ್ನು ಮೀರಿ ಮಾಡುವುದೇ ಮರ್ಯಾದೆ. ಬೇಡ ಎಂದವರ ಮನೆಗೇ ಹಾರ ಹಿಡಿದುಕೊಂಡು ಹೋಗುವ ಜನ ನಾವು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹೆಚ್ಚೆಂದರೆ ಗೇಟಿನ ಹತ್ತಿರ ಒಂದು ಶಾಲು ಹೊದಿಸಿಯಾರು ಎಂದುಕೊಂಡಿದ್ದೆ.

ಮುನ್ನಾದಿನ ಸಂಜೆ ಹೋಗಿ ನೋಡಿದೆ. ಸುಣ್ಣದ ಗೆರೆ ಹೊಸದಾಗಿ ಎಳೆದಿದ್ದರು. ಚಪ್ಪಲಿ ಕಳಚಿ ಈ ಗೋಲಿನಿಂದ ಆ ಗೋಲಿನವರೆಗೆ ನಡೆದೆ. ಎಲ್ಲಿಯೂ ಹಿಮ್ಮಡಿ ಕುಸಿಯಲಿಲ್ಲ. ಮನೆಗೆ ಬಂದು ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಊಟ ಮಾಡಿದೆ.

ಬೆಳಿಗ್ಗೆ ಹೋಟೆಲಿನಿಂದ ಮೇಡಂ ಅವರನ್ನು ಕರೆತರುವ ಕೆಲಸ ನನ್ನದು. ಗಿಡ್ಡ ಆಳು, ಕತ್ತರಿಸಿದ ಕೂದಲು, ಅಗಲವಾದ ಭುಜ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಕಾರಿನಲ್ಲಿ ಕೂತವರೇ ಮೈದಾನದ ಮಣ್ಣು ಯಾವುದು, ಕೆಳಗೆ ಕಲ್ಲು ಹಾಕಿದ್ದೀರಾ ಎಂದು ಕೇಳಿದರು. ಸೌತ್ ಎಂಡ್ ಸರ್ಕಲ್ ದಾಟುವ ಹೊತ್ತಿಗೆ ಮಾತು ಅವರ ಬಗ್ಗೆ ತಿರುಗಿತು. ತಮ್ಮ ಪ್ರಾಂತದ ಕ್ರೀಡಾ ಶಾಲೆಯಲ್ಲಿ ಜಾವೆಲಿನ್ ಎಸೆಯುತ್ತಿದ್ದವರಂತೆ. ಭುಜ ಕೆಟ್ಟ ಮೇಲೆ ಕಚೇರಿಗೆ ಹಾಕಿದರು. ಅಲ್ಲಿ ಫುಟ್ಬಾಲ್ ವಿಭಾಗದಲ್ಲಿ ಟೈಪು ಮಾಡುತ್ತಾ ಇಂಗ್ಲಿಷ್ ಕಲಿತರು. ಹೊರದೇಶದ ಸಭೆಗಳಿಗೆ ಸಾಹೇಬರ ಹಿಂದೆ ಚೀಲ ಹಿಡಿದುಕೊಂಡು ಹೋದರು.

"ನಿಯಮಗಳ ಪುಸ್ತಕ ಅವರು ಯಾರೂ ಓದಿರಲಿಲ್ಲ. ನಾನು ಓದಿದ್ದೆ. ಹಾಗಾಗಿ ಹಿಂದಿನ ಸಾಲಿನಿಂದ ಕಿವಿಯಲ್ಲಿ ಹೇಳುತ್ತಿದ್ದೆ. ಒಂದು ದಿನ ಸಭೆಯ ಅಧ್ಯಕ್ಷರೇ ಬೇಸತ್ತು, ನೀವೇ ಮುಂದೆ ಬಂದು ಕೂತು ಹೇಳಿ ಎಂದರು" ಎಂದು ನಕ್ಕರು.

ಮೈದಾನ ತಪಾಸಣೆ ಯಾರಿಗೂ ಬೇಡದ ಕೆಲಸ. ಬಿಸಿಲಿನಲ್ಲಿ ನಡೆಯಬೇಕು, ಕೊನೆಗೆ ಆತಿಥ್ಯ ಮಾಡಿದವರಿಗೇ ಇಲ್ಲ ಎನ್ನಬೇಕು. ಅದನ್ನು ಅವರು ಕೇಳಿ ಪಡೆದಿದ್ದರು. ಆ ನೆಪದಲ್ಲಿ ಎಲ್ಲ ದೇಶ ಸುತ್ತಿ, ಎಲ್ಲಿ ಹುಡುಗಿಯರು ಆಡುತ್ತಾರೆ ಎಂದು ಕಣ್ಣಾರೆ ನೋಡಿಕೊಂಡು ಮಹಿಳಾ ಸಮಿತಿಗೆ ಏರಿದ್ದರು. ಕೆಲವು ವರ್ಷಗಳಲ್ಲಿ ಒಕ್ಕೂಟದ ಕಾರ್ಯಕಾರಿ ಸಮಿತಿಗೆ ನಿಲ್ಲಬೇಕೆಂದಿದ್ದೇನೆ ಎಂದರು. "ಅಲ್ಲಿ ಹುಡುಗಿಯರ ವಿಷಯ ಬಂದ ಕೂಡಲೇ ಟೀ ಕುಡಿಯಲು ಎದ್ದುಹೋಗುತ್ತಾರೆ. ಎದ್ದುಹೋಗದೆ ಕೂರುವವರು ಒಬ್ಬರಾದರೂ ಬೇಕು." ನಮ್ಮ ಸ್ಕೂಟರ್ ಕೀಗಳ ಕಥೆ ನಾನೂ ಹೇಳಿದೆ. ಇಬ್ಬರೂ ಸಿಕ್ಕಾಪಟ್ಟೆ ನಕ್ಕೆವು. ಆ ಕಾಲು ಗಂಟೆ ನನ್ನ ಕೆಲಸದ ದಿನಗಳಲ್ಲೇ ಅತ್ಯಂತ ಸಂತೋಷದ್ದು ಎಂದು ಈಗ ಅನಿಸುತ್ತದೆ.

ತಿರುವು ದಾಟಿದ ಕೂಡಲೇ ಮೈಕಿನ ಸದ್ದು ಕೇಳಿಸಿತು. ಆಮೇಲೆ ಕೆಂಪು ಹಳದಿ ಬಟ್ಟೆ ಕಾಣಿಸಿತು. ಬಡಗಣ ಗೋಲಿನ ಮುಂದೆ, ಪೆನಾಲ್ಟಿ ಜಾಗದ ಮೇಲೆಯೇ, ಭಾರೀ ಶಾಮಿಯಾನ ಎದ್ದು ನಿಂತಿತ್ತು. ಕೆಳಗೆ ವೇದಿಕೆ, ಹಿಂದೆ ಸ್ವಾಗತದ ಬ್ಯಾನರು, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ದೂಳು ಏಳದಿರಲಿ ಎಂದು ನೀರಿನ ಟ್ಯಾಂಕರನ್ನು ಒಳಗೆ ಬಿಟ್ಟು ನೀರು ಚಿಮುಕಿಸಿದ್ದರು. ಗೇಟಿನಿಂದ ವೇದಿಕೆಯವರೆಗೆ ಮಧ್ಯದ ವೃತ್ತವನ್ನು ಸೀಳಿಕೊಂಡು ಟ್ಯಾಂಕರಿನ ಚಕ್ರದ ಎರಡು ಕೊರಕಲು ಬಿದ್ದಿದ್ದವು.

ಯಜಮಾನರು ಗರಿಗರಿ ಪಂಚೆ, ಜರಿ ಶಲ್ಯದಲ್ಲಿ ಓಡಿ ಬಂದರು. ಅವರ ಮುಖದಲ್ಲಿದ್ದ ಸಂಭ್ರಮ ನೋಡಿ ನನಗೆ ಕೂಗಾಡಲೂ ಆಗಲಿಲ್ಲ.

"ಯಜಮಾನ್ರೇ, ಏನಿದು? ಗ್ರೌಂಡ್ ಮೇಲೆ ಏನೂ ಬೇಡ ಅಂದಿದ್ನಲ್ಲಾ?" ಎಂದೆ ಮೆಲ್ಲಗೆ.

"ನೀನು ಅಂದೇ ಅಂತೀಯ, ಬುಡಮ್ಮಾ. ಪರದೇಸದಿಂದ ಹೆಣ್ಮಗಳು ಬಂದವ್ಳೆ, ಬರೀ ಬಿಸ್ಲಲ್ಲಿ ನಿಲ್ಸಿ ಕಳ್ಸೋಕಾಯ್ತದಾ? ನಾಳೆ ಅವಳ ಊರಲ್ಲಿ ಏನಂದ್ಕೊಂತಾರೆ?"

"ಆ ಕಂಬ ಎಲ್ಲಾ ಎಷ್ಟು ಆಳ ನೆಟ್ಟಿದ್ದೀರಾ?"

"ಮೊಣಕಾಲುದ್ದ ತೆಗ್ಸಿದೀನಿ. ಗಾಳಿ ಬಂದು ಆವಮ್ಮನ ಮ್ಯಾಲೆ ಬಿದ್ರೆ ಏನ್ ಗತಿ? ನಾನೇ ನಿಂತ್ಕೊಂಡು ಹಾರೆ ಹಾಕ್ಸಿದೆ" ಎಂದರು. ಅತಿಥಿಯ ತಲೆಯ ಮೇಲೆ ಬಟ್ಟೆ ಬೀಳಬಾರದೆಂದು ತಾವೇ ಬೆಳೆಸಿದ ಹುಲ್ಲಿನಲ್ಲಿ ಮೊಣಕಾಲುದ್ದದ ಗುಂಡಿ ತೋಡಿಸಿದ್ದರು. ವೇದಿಕೆ ಬದಿಯಲ್ಲಿ ಯಾಕೆ ಹಾಕಲಿಲ್ಲ ಎಂದರೆ, ದೊಡ್ಡವರನ್ನು ಮೂಲೆಯಲ್ಲಿ ಕೂರಿಸುವುದುಂಟೇ ಎಂದು ನನ್ನನ್ನೇ ಕೇಳಿದರು.

ಮೇಡಂ ಎಲ್ಲವನ್ನೂ ನೋಡಿದರು. ವೇದಿಕೆ ಹತ್ತಿದರು. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಎಲ್ಲವನ್ನೂ ತಲೆಬಾಗಿ ಸ್ವೀಕರಿಸಿದರು. ಹುಡುಗಿಯರು ಹೂ ಕೊಟ್ಟರು. ಕ್ಯಾಪ್ಟನ್ ಕೈ ಕುಲುಕುವಾಗ ಮೇಡಂ ಅವಳ ಬೂಟನ್ನೇ ನೋಡಿ, ನೀನು ಎಡಗಾಲಿನವಳಾ ಎಂದು ಕೇಳಿದರು. ಎಡಗಾಲಿನ ಬೂಟಿನ ಒಳಬದಿ ಹೆಚ್ಚು ಸವೆದಿತ್ತು. ಹುಡುಗಿ ಬೆಕ್ಕಸ ಬೆರಗಾಗಿ ನನ್ನ ಕಡೆ ನೋಡಿದಳು.

ಭಾಷಣ ಮುಗಿದ ಮೇಲೆ ಮೇಡಂ ಹಾರ ತೆಗೆದಿಟ್ಟು, ತಮ್ಮ ಚೀಲದಿಂದ ಬೂಟು ತೆಗೆದು ಹಾಕಿಕೊಂಡು ಕೆಳಗಿಳಿದರು. ಮೊದಲು ದೂರದ ಅರ್ಧ ಮೈದಾನ. ಚೆಂಡನ್ನು ಭುಜದೆತ್ತರದಿಂದ ಬಿಟ್ಟು ಎಷ್ಟು ಪುಟಿಯುತ್ತದೆ ಎಂದು ನೋಡಿದರು, ಹುಲ್ಲಿನ ಬುಡ ಎಳೆದು ನೋಡಿದರು, ಒಂದು ಕಬ್ಬಿಣದ ಕಡ್ಡಿಯನ್ನು ಚುಚ್ಚಿ ಎಷ್ಟು ಬಿಗಿಯಿದೆ ಎಂದು ಒತ್ತಿ ನೋಡಿದರು. "ತುಂಬ ಚೆನ್ನಾಗಿದೆ. ಇಂಥದ್ದು ನಾನು ಈ ವರ್ಷ ನೋಡಿಲ್ಲ" ಎಂದರು. ನಾನು ಅದನ್ನು ಯಜಮಾನರಿಗೆ ಹೇಳಿದಾಗ ಅವರು ಕಣ್ಣೊರೆಸಿಕೊಂಡರು. ಆಮೇಲೆ ಮೇಡಂ ಶಾಮಿಯಾನದ ಕಡೆ ಕೈ ತೋರಿಸಿ, "ಇದನ್ನು ತೆಗೆಯಬಹುದೇ?" ಎಂದರು.

ಕಂಬ ಕಿತ್ತರು. ಗೋಲಿನ ಮುಂದೆ, ಗೋಲ್‌ಕೀಪರ್ ಜಿಗಿಯುವ ಜಾಗದಲ್ಲಿ, ಸಾಲಾಗಿ ಗುಂಡಿಗಳು ಬಾಯಿ ಬಿಟ್ಟವು. ಸುತ್ತ ಹಗ್ಗದ ಗೂಟಗಳ ತೂತುಗಳು ಬೇರೆ. ಯಜಮಾನರಿಗೆ ಆಗ ಅರ್ಥವಾಯಿತು. ಅವರು ಶಲ್ಯ ಬಿಸಾಕಿ, "ಏಯ್, ಸಲಿಕೆ ತತ್ರೋ!" ಎಂದು ಕೂಗಿದರು. ಮೇಡಂ ಗಡಿಯಾರ ನೋಡಿ, ಉಳಿದ ಕೆಲಸ ಮುಗಿಸಿ ಮಧ್ಯಾಹ್ನ ಮತ್ತೆ ಬರುತ್ತೇನೆ ಎಂದರು. ಅದು ಅವರು ಮಾಡಿದ ಉಪಕಾರ. ಮಾಡಲೇಬೇಕೆಂದೇನೂ ಇರಲಿಲ್ಲ.

ಶಾಲೆಯ ಕೋಣೆಗಳು, ಹತ್ತಿರದ ಆಸ್ಪತ್ರೆ, ಜೆ.ಪಿ. ನಗರದ ಅಭ್ಯಾಸದ ಮೈದಾನ ಎಲ್ಲ ಸುತ್ತಿದೆವು. ಎಲ್ಲವೂ ಸರಿಯಿತ್ತು. ನನ್ನ ತಲೆಯಲ್ಲಿ ಮಾತ್ರ ಆ ಗುಂಡಿಗಳೇ. ಗುಂಡಿ ಮುಚ್ಚುವುದು ಸುಲಭ. ಮುಚ್ಚಿದ ಗುಂಡಿ ಸುತ್ತಲಿನ ನೆಲದಷ್ಟು ಗಟ್ಟಿಯಾಗಬೇಕಾದರೆ ಸ್ವಲ್ಪ ಸ್ವಲ್ಪವೇ ಮಣ್ಣು ಹಾಕಿ, ನೀರುಣಿಸಿ, ದಮ್ಮಸ್ಸು ಹೊಡೆದು, ಕೂರಲು ಬಿಟ್ಟು ಮತ್ತೆ ಹಾಕಬೇಕು. ಅದಕ್ಕೆ ವಾರಗಳು ಬೇಕು. ಟೂರ್ನಿಗೆ ವಾರಗಳೂ ಇದ್ದವು, ನಿಜ. ಆದರೆ ತಪಾಸಣೆಯ ದಿನ ಮೈದಾನ ಹೇಗಿದೆ ಎಂಬುದನ್ನಷ್ಟೇ ಬರೆಯಬೇಕು ಎಂಬುದು ನಿಯಮ. ಸಣ್ಣಪುಟ್ಟ ದುರಸ್ತಿ ಮಾಡಿದರೆ ಆಡಬಹುದು ಎಂದು ಷರತ್ತು ಹಾಕಿ ಪಾಸು ಮಾಡುವ ಅವಕಾಶ ತಪಾಸಣೆ ಮಾಡುವವರಿಗೆ ಇತ್ತು. ಅದು ಅವರ ವಿವೇಚನೆಗೆ ಬಿಟ್ಟದ್ದು. ಸಮಿತಿಯ ಸಭೆ ಅದೇ ವಾರ.

ಮಧ್ಯಾಹ್ನ ವಾಪಸು ಬಂದಾಗ ಮೈದಾನ ಹಸಿರಾಗಿತ್ತು. ಗುಂಡಿ ತುಂಬಿ, ಬೇಲಿ ಪಕ್ಕದ ಹುಲ್ಲನ್ನು ಹೆಂಟೆ ಹೆಂಟೆಯಾಗಿ ಕಿತ್ತು ತಂದು ಮೇಲೆ ಕೂರಿಸಿ ರೋಲರ್ ಎಳೆದಿದ್ದರು. ಕೊರಕಲೂ ಮುಚ್ಚಿತ್ತು. ಯಜಮಾನರ ಪಂಚೆ ಕೆಸರಾಗಿತ್ತು, ಹುಡುಗಿಯರ ಕೈಯೆಲ್ಲ ಮಣ್ಣು. ದೂರದಿಂದ ನೋಡಿದರೆ ಏನೂ ಆಗಿಲ್ಲವೇನೋ ಎನ್ನುವಂತಿತ್ತು. ಮೇಡಂ ಒಂದು ತೇಪೆಯ ಮೇಲೆ ಹಿಮ್ಮಡಿ ಊರಿದರು. ಕಾಲು ಪಾದ ಮುಳುಗುವಷ್ಟು ಒಳಗೆ ಹೋಯಿತು.

ಎಲ್ಲರೂ ಗೆರೆಯ ಆಚೆ ನಿಂತಿದ್ದರು. ಗೋಲಿನ ಮುಂದೆ ನಾವಿಬ್ಬರೇ. ಮೇಡಂ ಕಾಲು ಮೇಲೆತ್ತಿ, ಬೂಟಿನ ಮಣ್ಣು ಒರೆಸಿಕೊಂಡು, ನನ್ನ ಮುಖ ನೋಡಿ ಕೇಳಿದರು.

"ಈ ಮೈದಾನದಲ್ಲಿ ನಿಮ್ಮ ಹುಡುಗಿಯರನ್ನು ನೀವು ಆಡಿಸುತ್ತೀರಾ?"

ನಾನೂ ಒಂದು ಕಾಲಕ್ಕೆ ಆಡುತ್ತಿದ್ದವಳು, ನನ್ನ ಮೊಣಕಾಲು ಹೋದದ್ದು ಇಂಥದೇ ಒಂದು ಗುಂಡಿಯಿಂದ. ಯಾವುದೋ ಸಮಾರಂಭಕ್ಕೆ ಚಪ್ಪರ ಹಾಕಿ ಕಿತ್ತ ಮೈದಾನ, ಮೇಲೆ ಹುಲ್ಲು ಮುಚ್ಚಿತ್ತು, ಕಾಲು ಒಳಗೆ ಹೋಯಿತು, ಮೈ ಮಾತ್ರ ತಿರುಗಿತು. ಆ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ಗೆರೆಯ ಆಚೆ ಕ್ಯಾಪ್ಟನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನನ್ನ ಬಾಯಿಂದ ಏನು ಬರುತ್ತದೆ ಎಂಬುದರ ಮೇಲೆ ಅವಳ ವರ್ಷ ನಿಂತಿದೆ ಎಂದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಆದರೂ ಮೇಡಂ ನನ್ನನ್ನು ಸುಮ್ಮನೆ ವಿಚಾರಿಸುತ್ತಿದ್ದಾರೆ, ಅವರ ತೀರ್ಮಾನ ಆಗಲೇ ಆಗಿಹೋಗಿದೆ ಎಂದೇ ನಾನು ತಿಳಿದದ್ದು. ಅಷ್ಟು ದೊಡ್ಡವರು ನನ್ನನ್ನು ಕೇಳಿ ಬರೆಯುತ್ತಾರೆಯೇ?

"ಇವತ್ತು ಇಲ್ಲ" ಎಂದೆ. "ಒಂದು ತಿಂಗಳು ಬಿಟ್ಟರೆ ಖಂಡಿತ."

"ನಾನು ಇವತ್ತಿನದು ಕೇಳಿದೆ" ಎಂದರು. ತುಸು ಹೊತ್ತು ಗೋಲಿನ ಕಂಬ ಹಿಡಿದು ನಿಂತಿದ್ದರು. ಆಮೇಲೆ ಕಾಗದದ ಮೇಲೆ ಗುರುತು ಹಾಕಿ, ಯಜಮಾನರ ಹತ್ತಿರ ಹೋಗಿ, ಅವರ ಕೆಸರು ಕೈಯನ್ನು ಎರಡೂ ಕೈಯಿಂದ ಹಿಡಿದು, ತಲೆಬಾಗಿ, ಕಾರು ಹತ್ತಿದರು.

ಟೂರ್ನಿ ಇನ್ನೊಂದು ಊರಿಗೆ ಹೋಯಿತು. ಸುದ್ದಿ ಬಂದ ಸಂಜೆ ಹುಡುಗಿಯರನ್ನು ಕೂರಿಸಿಕೊಂಡು, ಮೇಡಂ ಹೀಗೆ ಕೇಳಿದರು, ನಾನು ಹೀಗೆ ಹೇಳಿದೆ ಎಂದು ಎಲ್ಲವನ್ನೂ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಗೋಲ್‌ಕೀಪರ್ ಹುಡುಗಿ ಅತ್ತಳು. ಕ್ಯಾಪ್ಟನ್ ಬೂಟಿನ ದಾರ ಬಿಚ್ಚುತ್ತಾ ನನ್ನನ್ನೇ ಸಮಾಧಾನ ಮಾಡಿದಳು.

"ನೀವು ಹೂಂ ಅಂದಿದ್ರೂ ಅವರು ಪಾಸ್ ಮಾಡ್ತಿದ್ದಿಲ್ಲ ಬಿಡ್ರಿ ಮೇಡಂ. ಕಾಲು ಒಳಗ ಹೋಗಿದ್ದು ನಾವೆಲ್ಲ ನೋಡೀವಲ್ರಿ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಯಜಮಾನರಿಗೆ ಅಂಥ ಆಸರೆ ಸಿಗಲಿಲ್ಲ. ಮೊದಲಿನಂತೆಯೇ ಬೆಳಿಗ್ಗೆ ಬರುತ್ತಿದ್ದರು, ರೋಲರ್ ಎಳೆಸುತ್ತಿದ್ದರು. ಹುಡುಗಿಯರು ಅಭ್ಯಾಸಕ್ಕೆ ಬರುವ ಹೊತ್ತಿಗೆ ಅಂಗಡಿಗೆ ಹೊರಟುಬಿಡುತ್ತಿದ್ದರು. ಹಿಂದೆಲ್ಲ ಅದೇ ಹೊತ್ತಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದವರು. ನಾನು ಒಂದೆರಡು ಸಲ ತಡೆದು ನಿಲ್ಲಿಸಿದರೆ, "ಮಕ್ಳ ಮೊಕ ನೋಡಾಕಾಗಲ್ಲ ಕಣಮ್ಮಾ" ಎಂದರು. ಅದಾಗಿ ಮೂರು ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡರು. ಅವರ ಜೊತೆ ಇನ್ನಷ್ಟು ಹೊತ್ತು ಕೂತು ಮಾತನಾಡಬೇಕಿತ್ತು ಎಂದು ಈಗ ಅನಿಸುತ್ತದೆ.

ಸಂಘದ ದೊಡ್ಡವರ ಸಿಟ್ಟು ಬೇರೆ ಕಡೆ ತಿರುಗಿತು. ಟೂರ್ನಿ ಕೈತಪ್ಪಿದ ಕೂಡಲೇ ನನ್ನನ್ನು ಕರೆಸಿದ ಹಿರಿಯ ಪದಾಧಿಕಾರಿಯೊಬ್ಬರು ಮೇಜು ಗುದ್ದಿದರು.

"ಪೇಟ ಹಾಕ್ಸ್ಕೊಂಡು, ಶಾಲು ಹೊದ್ಕೊಂಡು, ಅದೇ ಸ್ಟೇಜಿಂದ ಇಳಿದು ಫೇಲ್ ಮಾಡ್ತಾಳೆ ಅಂದ್ರೆ ಏನ್ರೀ ಅವಳ ಕೊಬ್ಬು?"

"ಸಾರ್, ಅವರು ನನ್ನನ್ನ ಕೇಳಿದ್ರು. ಆಡಿಸಲ್ಲ ಅಂತ ಹೇಳಿದ್ದು ನಾನು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ನಿಮ್ಮನ್ನ ಕೇಳಿ ಬರೆಯೋಕೆ ನೀವ್ಯಾರಮ್ಮಾ? ಅವಳನ್ನ ಬಚಾವ್ ಮಾಡಕ್ಕೆ ಹೋಗ್ಬೇಡಿ."

ನಾನು ಮತ್ತೆ ಹೇಳಿದೆ, ಬರೆದೂ ಕೊಟ್ಟೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಹಿಳಾ ವಿಭಾಗದ ಹೆಂಗಸಿನ ಮಾತಿಗೆ ಅಷ್ಟು ಬೆಲೆ ಇದೆ ಎಂದು ಒಪ್ಪುವುದಕ್ಕಿಂತ ಚೀನಾದವರಿಗೆ ಕೊಬ್ಬು ಎಂದುಕೊಳ್ಳುವುದು ಅವರಿಗೆ ಸುಲಭವಾಗಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಮೇಡಂ ಕಾರ್ಯಕಾರಿ ಸಮಿತಿಗೆ ನಿಂತರು. ದೇಶಕ್ಕೊಂದು ಮತ, ಗುಪ್ತ ಮತದಾನ, ಒಬ್ಬೊಬ್ಬರನ್ನೇ ಹೆಸರು ಕರೆದು ಪರದೆಯ ಹಿಂದೆ ಕಳಿಸುವ ಪದ್ಧತಿ. ನಮ್ಮ ದೇಶದ ಮತ ಹಾಕಲು ಹೋದವರಲ್ಲಿ ಅಂದು ಮೇಜು ಗುದ್ದಿದ ಆ ಪದಾಧಿಕಾರಿಯೂ ಇದ್ದರು. ನಮ್ಮ ಮತ ಮೇಡಂಗೆ ಬೀಳಲಿಲ್ಲ. ಅದು ನನಗೆ ಗೊತ್ತಾದದ್ದು ಅದೇ ಪದಾಧಿಕಾರಿ ವಾಪಸು ಬಂದು, ಬೆಂಗಳೂರಿನ ಪೇಟದ ಲೆಕ್ಕ ಚುಕ್ತಾ ಆಯಿತು ಎಂದು ಎಲ್ಲರೆದುರು ಕೊಚ್ಚಿಕೊಂಡಾಗ. ಅಕ್ಕಪಕ್ಕದ ದೇಶದವರ ಕಿವಿಯನ್ನೂ ಅವರು ಕಚ್ಚಿದ್ದರಂತೆ. ಮೇಡಂ ಕೂದಲೆಳೆಯ ಅಂತರದಲ್ಲಿ ಸೋತರು. ಆ ಕುರ್ಚಿಯಲ್ಲಿ ಕೂತವರು ಮುಂದಿನ ಸಲದ ಹುಡುಗಿಯರ ಟೂರ್ನಿಯನ್ನು ಮುಂದಕ್ಕೆ ಹಾಕಿದರು, ಇನ್ನೂ ಮುಂದಕ್ಕೆ ಹಾಕಿದರು, ಕೊನೆಗೆ ಕೈಬಿಟ್ಟರು. ಒಂದು ದಿನದ ಸನ್ಮಾನ ಎಲ್ಲಿಯವರೆಗೆ ಹೋಗಿ ಮುಟ್ಟಿತು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಒಂದು ವರ್ಷ ಮೇಡಂ ಬೆಂಗಳೂರಿಗೆ ಬಂದರು, ಈ ಸಲ ಮೈದಾನ ತಪಾಸಣೆ ಹೇಗೆ ಮಾಡಬೇಕೆಂದು ಪಾಠ ಹೇಳಲು. ಪದವಿ ಏನೂ ಇರಲಿಲ್ಲ, ಬರೀ ತರಬೇತಿ ಕೊಡುವವರು. ಕೂದಲು ಬೆಳ್ಳಗಾಗಿತ್ತು. ಬನಶಂಕರಿಯ ಒಂದು ಸಭಾಂಗಣದಲ್ಲಿ ತರಗತಿ. ಕಲಿಯಲು ಬಂದವರಲ್ಲಿ ನಮ್ಮ ಕ್ಯಾಪ್ಟನ್ ಕೂಡ ಇದ್ದಳು. ವಸಂತಪುರದ ಕಡೆ ಒಂದು ಶಾಲೆಯಲ್ಲಿ ಆಗ ಪಿ.ಟಿ. ಟೀಚರ್. ಹೊರದೇಶದ ತಂಡದ ಎದುರು ಆಡಲೇ ಇಲ್ಲ. ತಾನು ಎಷ್ಟರವಳು ಎಂದು ಅವಳಿಗೆ ಗೊತ್ತಾಗಲೇ ಇಲ್ಲ.

ಊಟದ ಬಿಡುವಿನಲ್ಲಿ ಮೇಡಂ ಅವರನ್ನು ಪಕ್ಕದ ದರ್ಶಿನಿಗೆ ಕರೆದುಕೊಂಡು ಹೋದೆ. ನಿಂತುಕೊಂಡೇ ಕಾಫಿ ಕುಡಿದೆವು. ಚುನಾವಣೆಯ ವಿಷಯ ನಾನೇ ಎತ್ತಿದೆ, ನಮ್ಮವರ ಪರವಾಗಿ ಕ್ಷಮೆ ಕೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು, ಕೈಯಾಡಿಸಿದರು. ಆಮೇಲೆ, ಹೇಗೂ ನೀವು ಫೇಲ್ ಮಾಡುವವರೇ ಇದ್ದಿರಿ, ನಾನು ನಡುವೆ ಬಾಯಿ ಹಾಕಿದೆ ಅಷ್ಟೇ ಎಂದು ನಗಲು ನೋಡಿದೆ.

ಮೇಡಂ ಲೋಟ ಕೆಳಗಿಟ್ಟರು.

"ಇಲ್ಲ. ಷರತ್ತು ಹಾಕಿ ಪಾಸು ಮಾಡಬೇಕೆಂದೇ ಇದ್ದೆ. ಹುಡುಗಿಯರ ಕೈಯಲ್ಲಿ ಮಣ್ಣು ನೋಡಿದ ಮೇಲೆ ನನಗೆ ಫೇಲ್ ಮಾಡಲು ಮನಸ್ಸು ಬರಲಿಲ್ಲ. ಆದರೆ ನಾನು ಮಾರನೆಯ ದಿನ ಹೊರಟುಹೋಗುವವಳು. ನೆಲ ಗಟ್ಟಿಯಾಗುವವರೆಗೂ ಇಲ್ಲೇ ಇದ್ದು ನೋಡಿಕೊಳ್ಳುವವರು ಒಬ್ಬರು ಹೂಂ ಅನ್ನಬೇಕಿತ್ತು. ಅದಕ್ಕೇ ನಿಮ್ಮನ್ನು ಕೇಳಿದೆ."

"ಹಾಗಂತ ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ದರೆ ನೀವು ನನಗೋಸ್ಕರ ಹೂಂ ಅನ್ನುತ್ತಿದ್ದಿರಿ."

ಅವರ ದನಿಯಲ್ಲಿ ದೂರು ಇರಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಬಿಟ್ಟು ಇದನ್ನು ಯಾಕೆ ಹೇಳಬೇಕಿತ್ತು? ಆಮೇಲೆ ಯಜಮಾನರು ಕಣ್ಣ ಮುಂದೆ ಬಂದರು, ಕೆಸರು ಪಂಚೆಯಲ್ಲಿ. ಪಕ್ಕದಲ್ಲಿ ಯಾರೋ ಇನ್ನೆರಡು ವಡೆ ಹಾಕಿ ಎಂದು ಕೂಗುತ್ತಿದ್ದರು. ಮೇಡಂ ನನ್ನ ಭುಜ ಮುಟ್ಟಿ, ನಿಮ್ಮ ಉತ್ತರ ಸರಿಯಾಗಿತ್ತು ಎಂದರು. 'ಸರಿ' ಇಟ್ಟುಕೊಂಡು ನಾನೇನು ಮಾಡಲಿ?

ಸಭಾಂಗಣದ ಬಾಗಿಲಲ್ಲಿ ಕ್ಯಾಪ್ಟನ್ ಕಾಯುತ್ತಿದ್ದಳು. ಮೇಡಂ ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದಳು.

"ಅವತ್ತಿನ ಮಾತೇನರ ಬಂತೇನ್ರಿ ಮೇಡಂ? ಏನಂದ್ರು?"

ಗೋಲಿನ ಮುಂದೆ ಎಷ್ಟು ತಡಕಿದ್ದರೂ ಸಿಗದಿದ್ದ ಸುಳ್ಳು ಅಲ್ಲಿ ಸಲೀಸಾಗಿ ಬಾಯಿಗೆ ಬಂತು.

"ನಾನು ಏನು ಹೇಳಿದ್ರೂ ಅವರು ಪಾಸ್ ಮಾಡ್ತಿರ್ಲಿಲ್ವಂತೆ" ಎಂದೆ.

ಅವಳ ಮುಖ ಅರಳಿತು. "ನಾ ಅವತ್ತ ಹೇಳಿದ್ನಿಲ್ರಿ ನಿಮಗ? ನೀವು ಸುಮ್ಮ ಇಷ್ಟ್ ವರ್ಷ ಮನಸಿಗೆ ಹಚ್ಕೊಂಡ್ರಿ."

"ಹೌದಮ್ಮಾ, ಹೇಳಿದ್ದೆ" ಎಂದೆ. ಇಬ್ಬರೂ ಒಳಗೆ ಹೋಗಿ ಕೂತೆವು.